ಎರಡನೇ ಪುಟವನ್ನು ಮೊದಲು ಓದಿದವರು

ಹಿರಿಯ ನಾಗರಿಕರ ಹಾಗೂ ಮಹಿಳೆಯರ ಯೋಗಕ್ಷೇಮದ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ,
ತುಮಕೂರು.

ಮಾನ್ಯರೇ,

ಮರಳೂರಿನ ಬಸವಲಿಂಗಮ್ಮ ಎಂಬ ಅರವತ್ತೊಂಬತ್ತು ವರ್ಷದ ಹೆಂಗಸನ್ನು ಅವರ ಗಂಡ ಚನ್ನವೀರಯ್ಯನವರು ಹೊಡೆಯುತ್ತಾರೆ. ಮದುವೆಯಾದಾಗಿನಿಂದ, ಅಂದರೆ ಐವತ್ತು ವರ್ಷದಿಂದ ಹೊಡೆಯುತ್ತಿದ್ದಾರೆ. ಈ ಸಂಗತಿಯನ್ನು ಜೂನ್ ತಿಂಗಳಲ್ಲೇ ತಮಗೆ ಅರ್ಜಿಯ ಮೂಲಕ ತಿಳಿಸಲಾಗಿತ್ತು. ಅಕ್ಟೋಬರ್ ಒಂದರಂದು, ಹಿರಿಯ ನಾಗರಿಕರ ದಿನಾಚರಣೆಯಲ್ಲಿ, ತಾವು ಈ ಇಬ್ಬರನ್ನೂ ವೇದಿಕೆಗೆ ಕರೆದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, 'ಆದರ್ಶ ದಂಪತಿ' ಎಂದು ಸನ್ಮಾನಿಸಿದಿರಿ.

ವಿಷಯವನ್ನು ಹೀಗೆ ಮೊದಲ ಸಾಲಿನಲ್ಲೇ ಹೇಳಿಬಿಟ್ಟದ್ದಕ್ಕೆ ಕ್ಷಮಿಸಬೇಕು. ಇದು ನನ್ನ ಅಭ್ಯಾಸವಲ್ಲ. ನಾನು ಮೂವತ್ತೆಂಟು ವರ್ಷದಿಂದ ಅರ್ಜಿ ಬರೆದುಕೊಟ್ಟು ಜೀವನ ಮಾಡುವವನು. ನಿಮ್ಮ ಕಚೇರಿಯ ಗೇಟಿನ ಎಡಗಡೆ, ಹೊಂಗೆಮರದ ಕೆಳಗಿರುವ ಮೇಜು ನನ್ನದೇ. ಟೈಪ್‌ರೈಟರ್ ಇದ್ದ ಕಡೆ ಈಗ ಲ್ಯಾಪ್‌ಟಾಪು, ಪ್ರಿಂಟರು ಇವೆ. ಕುರ್ಚಿ ಮಾತ್ರ ಹಳೆಯದು. ದಿನಾ ಗುಬ್ಬಿಯಿಂದ ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ವಾಪಸು ಹೋಗುತ್ತೇನೆ. ತಮ್ಮ ಕಾರು ಒಳಗೆ ಬರುವಾಗ ಎದ್ದು ನಿಂತು ನಮಸ್ಕರಿಸುವವರಲ್ಲಿ ಕೊನೆಗೆ ಏಳುವವನು ನಾನು. ಅದನ್ನು ಅಗೌರವವೆಂದು ತಿಳಿಯಬಾರದು, ಮೊಣಕಾಲು ನೋವು.

ಹೆಂಗಸಿನ ಹೆಸರನ್ನು ಬಹಿರಂಗವಾಗಿ ಬರೆಯಬಹುದೇ ಎಂದು ತಾವು ಕೇಳಬಹುದು. ಅವರ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಅದೂ ಅಲ್ಲದೆ, ಅವರ ಹೆಸರು, ವಯಸ್ಸು, ಬಡಾವಣೆ, ಭಾವಚಿತ್ರ ಎಲ್ಲವನ್ನೂ ತಮ್ಮ ಕಚೇರಿಯೇ ಪತ್ರಿಕೆಗಳಿಗೆ ಕೊಟ್ಟಾಗಿದೆ. ಗುಟ್ಟಾಗಿ ಉಳಿದಿರುವುದು ಅವರಿಗೆ ಬೀಳುವ ಏಟು ಒಂದೇ.

ಜೂನ್ ತಿಂಗಳ ಒಂದು ಮಧ್ಯಾಹ್ನ ಬಸವಲಿಂಗಮ್ಮನವರು ನನ್ನ ಮೇಜಿನ ಮುಂದೆ ಬಂದು ನಿಂತರು. ಮನೆಯಲ್ಲಿ ಮೊಣಕಾಲಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ಹೇಳಿ ಸಿಟಿ ಬಸ್ಸು ಹತ್ತಿ ಬಂದಿದ್ದರು. ಒಗೆದು ಮಡಿಸಿದ ಹತ್ತಿ ಸೀರೆ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಇಷ್ಟು ವರ್ಷದ ಅನುಭವದಿಂದ ನಾನು ಗಿರಾಕಿಯ ಮುಖ ನೋಡಿಯೇ ಅರ್ಜಿ ಯಾವುದೆಂದು ಹೇಳಬಲ್ಲೆನೆಂಬ ಜಂಬ ಇಟ್ಟುಕೊಂಡವನು.

"ಏನು ತಾಯಿ, ಮಗ ನೋಡ್ಕೊಳ್ತಿಲ್ವಾ?" ಎಂದು ಕೇಳಿದೆ.

"ಮಗ ಚೆನ್ನಾಗೇ ನೋಡ್ಕೋತಾನೆ ಸ್ವಾಮಿ. ಸೊಸೇನೂ ಒಳ್ಳೇಳು. ನಮ್ ಯಜಮಾನ್ರು ಕೈ ಮಾಡ್ತಾರೆ."

"ಈ ವಯಸ್ಸಲ್ಲಾ?"

"ಅವ್ರಿಗೆ ವಯಸ್ಸಾಗೈತೆ. ಕೈಗೆ ಆಗಿಲ್ಲ."

ಐವತ್ತು ವರ್ಷ ಸುಮ್ಮನಿದ್ದು ಈಗ ಯಾಕೆ ಬಂದಿರಿ ಎಂದೂ ಕೇಳಿದೆ. ಈ ಪ್ರಶ್ನೆಯನ್ನು ನಾನು ಕೇಳಬಾರದಿತ್ತು. ಆದರೆ ತಮ್ಮ ಕಚೇರಿಯಲ್ಲಿ ಹೇಗೂ ಕೇಳುತ್ತಾರೆ, ಉತ್ತರ ರೆಡಿ ಇರಲಿ ಎಂದುಕೊಂಡೆ. ಅವರು ಹೇಳಿದರು, "ಮೊದ್ಲು ಬೀಳ್ತಿದ್ದೆ, ಏಳ್ತಿದ್ದೆ. ಈಗ ಬಿದ್ರೆ ಏಳಾಕಾಗಲ್ಲ. ಅದ್ಕೇ ಬಂದೆ."

ಚನ್ನವೀರಯ್ಯನವರು ತೆಂಗಿನಕಾಯಿ ಮಂಡಿ ನಡೆಸಿ ಈಗ ಬಿಟ್ಟಿರುವವರು. ಎಪ್ಪತ್ತೈದಾದರೂ ಗಟ್ಟಿ ಆಸಾಮಿ. ಬಡಾವಣೆಯಲ್ಲಿ ಯಾರ ಮನೆಯಲ್ಲಿ ಜಗಳವಾದರೂ ಹೋಗಿ ರಾಜಿ ಮಾಡಿಸುವವರು. ಅವರಿಗೆ ತಮ್ಮ ಇಲಾಖೆಯ ಶಿಬಿರವೊಂದರಲ್ಲಿ ಅಲ್ಯೂಮಿನಿಯಂ ಊರುಗೋಲು ಉಚಿತವಾಗಿ ಸಿಕ್ಕಿತ್ತು. ಅವರಿಗೆ ನಡೆಯಲು ಊರುಗೋಲು ಬೇಕಿಲ್ಲ, ಬೆಳಗ್ಗೆ ಐದು ಸುತ್ತು ಪಾರ್ಕು ಸುತ್ತುತ್ತಾರೆ. ಸರ್ಕಾರದ ವಸ್ತು ವ್ಯರ್ಥವಾಗಬಾರದೆಂದು ಅದನ್ನು ಬೇರೆ ಉಪಯೋಗಕ್ಕೆ ಇಟ್ಟುಕೊಂಡಿದ್ದಾರೆ. ಮಗ ಸಂಗಮೇಶ್ ಮಹಡಿಯ ಮೇಲಿದ್ದಾನೆ. ಕೆಳಗೆ ಸದ್ದು ಶುರುವಾದರೆ ಟಿವಿಯ ಸದ್ದು ಏರಿಸುತ್ತಾನೆ. ಅಪ್ಪನಿಗೆ ಬಿಪಿ ಇದೆ, ಎದುರು ಮಾತಾಡಬಾರದು ಎಂಬುದು ಅವನ ಕಾಳಜಿ.

ಬಸವಲಿಂಗಮ್ಮನವರಿಗೆ ಬೇಕಾದದ್ದು ಏನು ಗೊತ್ತೇ? ಗಂಡನನ್ನು ಜೈಲಿಗೆ ಹಾಕಿಸುವುದಲ್ಲ. ಆಶ್ರಮಕ್ಕೆ ಸೇರುವುದೂ ಅಲ್ಲ. "ಹಿಂದ್ಗಡೆ ರೂಮಿಗೆ ಒಳ್ಗಿಂದ ಒಂದು ಚಿಲಕ ಬೇಕು ಸ್ವಾಮಿ. ಎರಡ್ ಸಲ ಹಾಕಿಸ್ದೆ, ಕಿತ್ತಾಕುದ್ರು. ಅದನ್ನ ಕೀಳಬಾರ್ದು ಅಂತ ಸರ್ಕಾರದಿಂದ ಒಂದು ಕಾಗದ ಕೊಡ್ಸಿ, ಸಾಕು."

ಇಲ್ಲಿಗೆ ನನ್ನ ತಪ್ಪು ಶುರುವಾಗುತ್ತದೆ. ತಮ್ಮ ತಪ್ಪುಗಳಿಗೆ ಬರುವ ಮುಂಚೆ ಇದನ್ನು ಹೇಳಿಬಿಡುವುದು ನ್ಯಾಯ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಅರ್ಜಿಯ ಮೊದಲ ಪುಟ ಮರ್ಯಾದೆಗೆ, ಎರಡನೇ ಪುಟ ತೊಂದರೆಗೆ. ಅರ್ಜಿದಾರರು ಎಂಥ ಮನೆತನದವರು, ಎಷ್ಟು ಗೌರವದಿಂದ ಬಾಳಿದವರು ಎಂದು ಮೊದಲು ಹೇಳಿ, ಸಾಹೇಬರ ಮನಸ್ಸನ್ನು ಮೆತ್ತಗೆ ಮಾಡಿ, ಆಮೇಲೆ 'ಆದಾಗ್ಯೂ' ಎಂದು ತಿರುಗಬೇಕು. ಇದು ನನಗೆ ಗುರುಗಳು ಕಲಿಸಿದ ಪಾಠ. ಅದರಂತೆ ಬರೆದೆ: 'ನಾನು ಮತ್ತು ನನ್ನ ಪತಿಯವರು ೧೯೭೪ನೇ ಇಸವಿಯಲ್ಲಿ ಯಡಿಯೂರು ಶ್ರೀ ಸಿದ್ಧಲಿಂಗೇಶ್ವರ ಸ್ವಾಮಿಯವರ ಸನ್ನಿಧಿಯಲ್ಲಿ ವಿವಾಹವಾಗಿ, ಗುರುಹಿರಿಯರ ಆಶೀರ್ವಾದದಿಂದ ಐವತ್ತು ವರ್ಷಗಳ ಕಾಲ ತುಂಬು ಸಂಸಾರ ನಡೆಸಿ, ಬಂಧುಬಳಗದಲ್ಲಿ ಮೆಚ್ಚುಗೆಗೆ ಪಾತ್ರರಾಗಿರುತ್ತೇವೆ.' ಪುಟ ತುಂಬಿತು. 'ಆದಾಗ್ಯೂ' ಎರಡನೇ ಪುಟಕ್ಕೆ ಹೋಯಿತು. ಮದುವೆಯಾದದ್ದಕ್ಕೆ ದಾಖಲೆ ಇರಲೆಂದು ಅವರ ಕವರಿನಲ್ಲಿದ್ದ ಹಳೆಯ ಲಗ್ನಪತ್ರಿಕೆಯ ಜೆರಾಕ್ಸನ್ನೂ ಲಗತ್ತಿಸಿದೆ.

ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಹೊಡ್ಯೋದು ಎಲ್ ಬರ್ದಿದೀರಿ?"

"ಎರಡನೇ ಪುಟದಲ್ಲಿದೆ ತಾಯಿ. ಮೊದಲು ಮರ್ಯಾದೆಯಾಗಿ ಶುರು ಮಾಡ್ಬೇಕು."

"ಅಲ್ಲೀಗಂಟ ಓದ್ತಾರಾ?"

"ಓದ್ದೇ ಇರ್ತಾರಾ?" ಎಂದೆ. ಇಷ್ಟು ವರ್ಷ ನಿಮ್ಮ ಗೇಟಿನಲ್ಲಿ ಕೂತಿದ್ದೂ ಹಾಗೆಂದೆ.

ಅರ್ಜಿ ಕೊಡಲು ಒಳಗೆ ಹೋದವರಿಗೆ ತಮ್ಮ ಸಿಬ್ಬಂದಿ ತೋರಿಸಿದ ಆದರವನ್ನು ಮರೆಯುವಂತಿಲ್ಲ. ಹಿರಿಯ ನಾಗರಿಕರ ಮೇಜಿನಲ್ಲಿ, ಯಾವ ಮಗನ ಮೇಲೆ ದೂರು ಎಂದು ಕೇಳಿದರು. ಮಗನ ಮೇಲಲ್ಲ, ಗಂಡನ ಮೇಲೆ ಎಂದಾಗ, ಅದು ಇಲ್ಲಿ ಬರೋದಿಲ್ಲ, ಮಹಿಳೆಯರ ಮೇಜಿಗೆ ಹೋಗಿ ಎಂದರು. ಮಹಿಳೆಯರ ಮೇಜಿನಲ್ಲಿ, ವರದಕ್ಷಿಣೆ ಕಿರುಕುಳವೇ ಎಂದರು. ಅಲ್ಲವೆಂದಾಗ, ಅಜ್ಜಿ, ನೀವು ಹಿರಿಯ ನಾಗರಿಕರು, ಆ ಮೇಜಿಗೆ ಹೋಗಿ ಎಂದರು. ಎರಡೂ ಮೇಜುಗಳ ನಡುವೆ ಹನ್ನೆರಡು ಹೆಜ್ಜೆ. ಬಸವಲಿಂಗಮ್ಮನವರು ಮೂರು ಸಲ ಓಡಾಡಿದರಂತೆ. ಹೆಣ್ಣನ್ನು ಹೊಡೆದರೆ ಅವಳು ಚಿಕ್ಕ ವಯಸ್ಸಿನವಳಾಗಿರಬೇಕು, ಮುದುಕಿಯನ್ನು ಹೊಡೆದರೆ ಹೊಡೆದವನು ಮಗನೇ ಆಗಿರಬೇಕು ಎಂಬ ನಿಯಮ ಯಾವ ಪುಸ್ತಕದಲ್ಲಿದೆ? ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯಿದೆಯನ್ನು ನಾನೂ ಓದಿದ್ದೇನೆ. ಅದರಲ್ಲಿ ಇಂತಿಷ್ಟು ವಯಸ್ಸಿನ ಮೇಲೆ ಏಟು ಏಟಲ್ಲ ಎಂದು ಎಲ್ಲೂ ಬರೆದಿಲ್ಲ. ಕೊನೆಗೆ ಯಾರೋ ಅರ್ಜಿಗೆ ಸೀಲು ಹಾಕಿ ಒಂದು ಕಡತಕ್ಕೆ ಸೇರಿಸಿದರು. ಅದು ಯಾವ ಕಡತವೆಂಬುದು ಸೆಪ್ಟೆಂಬರಿನಲ್ಲಿ ತಿಳಿಯಿತು.

ಸೆಪ್ಟೆಂಬರ್ ಎರಡನೇ ವಾರ, ಕಾಫಿಗೆ ಸಕ್ಕರೆ ಹೆಚ್ಚಾಯಿತೆಂಬ ಕಾರಣಕ್ಕೆ, ಊರುಗೋಲಿನ ಏಟಿಗೆ ಬಸವಲಿಂಗಮ್ಮನವರ ಬಲಗೈ ಮಣಿಕಟ್ಟು ಮುರಿಯಿತು. ಬ್ಯಾಂಡೇಜು ಹಾಕಿದ ಡಾಕ್ಟರಿಗೆ ಬಾತ್‌ರೂಮಿನಲ್ಲಿ ಜಾರಿದ್ದೆಂದು ಹೇಳಲಾಯಿತು. ಅದಾದ ಒಂದು ವಾರಕ್ಕೆ ತಮ್ಮ ಕಚೇರಿಯಿಂದ ಮನೆಗೆ ಫೋನು ಬಂತು. ಎತ್ತಿಕೊಂಡವರು ಚನ್ನವೀರಯ್ಯನವರು. ನಿಮ್ಮ ಮನೆಯವರು ಕೊಟ್ಟ ಅರ್ಜಿ ಮಂಜೂರಾಗಿದೆ, ಒಂದನೇ ತಾರೀಖು ಇಬ್ಬರೂ ಬರಬೇಕು ಎಂದರು ತಮ್ಮವರು. ಹೊಡೆತದ ದೂರು ಕೊಟ್ಟವಳ ವಿಷಯವನ್ನು ಹೊಡೆಯುವವನಿಗೇ ಫೋನ್ ಮಾಡಿ ತಿಳಿಸುವ ಈ ದಕ್ಷತೆಯನ್ನು ಏನೆಂದು ಹೊಗಳಲಿ? ಯಾವ ಅರ್ಜಿ ಎಂದು ಅವರು ಕೇಳಿದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಬಸವಲಿಂಗಮ್ಮನವರ ಜೀವ ಬಾಯಿಗೆ ಬಂದಿತ್ತಂತೆ. ಸನ್ಮಾನದ ಅರ್ಜಿ ಎಂದು ಆ ಕಡೆಯಿಂದ ಉತ್ತರ ಬಂತು.

ನಡೆದದ್ದು ಇಷ್ಟು. ದಿನಾಚರಣೆಗೆ ಐವತ್ತು ವರ್ಷ ದಾಂಪತ್ಯ ಪೂರೈಸಿದ ಜೋಡಿಗಳು ಬೇಕಿದ್ದವು. ದಿನ ಹತ್ತಿರ ಬಂದಿತ್ತು, ಜೋಡಿಗಳು ಸಿಕ್ಕಿರಲಿಲ್ಲ. ಕಡತಗಳನ್ನು ತಿರುವಿದಾಗ ಐವತ್ತು ವರ್ಷದ ದಾಂಪತ್ಯಕ್ಕೆ ಲಗ್ನಪತ್ರಿಕೆಯ ಸಮೇತ ಪುರಾವೆ ಇದ್ದ ಕಾಗದ ಒಂದೇ ಒಂದು, ನಾನು ಬರೆದ ಅರ್ಜಿಯ ಮೊದಲ ಪುಟ. ಸಿಬ್ಬಂದಿಯ ಮನಸ್ಸು ಅಲ್ಲಿಗೇ ತುಂಬಿಬಂತು. ಪುಟ ತಿರುಗಿಸುವ ಅಗತ್ಯ ಬೀಳಲಿಲ್ಲ.

ಚನ್ನವೀರಯ್ಯನವರಿಗೆ ಹೆಂಡತಿಯ ಮೇಲೆ ಪ್ರೀತಿ ಉಕ್ಕಿತು. ಗಂಡನಿಗೊಂದು ಸನ್ಮಾನವಾಗಲೆಂದು ಯಾರಿಗೂ ಹೇಳದೆ ಅರ್ಜಿ ಹಾಕಿದ್ದಾಳೆ ಎಂದು ಬಡಾವಣೆಗೆಲ್ಲ ಹೇಳಿಕೊಂಡು ಬಂದರು. ಹದಿನೈದು ದಿನ ಕೈ ಎತ್ತಲಿಲ್ಲ. ತಮ್ಮ ಕಚೇರಿಯಿಂದ ಬಸವಲಿಂಗಮ್ಮನವರಿಗೆ ಈವರೆಗೆ ಸಿಕ್ಕಿರುವ ಪರಿಹಾರ ಈ ಹದಿನೈದು ದಿನ. ಅದಕ್ಕೆ ಕೃತಜ್ಞತೆ ಹೇಳದಿದ್ದರೆ ತಪ್ಪಾಗುತ್ತದೆ.

ಆದರೆ ಆ ತಾಯಿ ಏನೆಂದುಕೊಂಡಿದ್ದರೆಂಬುದನ್ನು ತಾವು ಕೇಳಬೇಕು. ಕಾರ್ಯಕ್ರಮಕ್ಕೆ ಅವರು ನನ್ನನ್ನೂ ಬರಹೇಳಿದ್ದರು. ಸಭಾಂಗಣದ ಬಾಗಿಲಲ್ಲಿ ನನ್ನನ್ನು ಕಂಡು, ಗಂಡ ಯಾರ ಜೊತೆಗೋ ಮಾತಾಡುತ್ತಿದ್ದಾಗ ಮೆಲ್ಲಗೆ ಹೇಳಿದರು, "ಸಾಹೇಬ್ರು ಬಾಳ ಬುದ್ಧಿವಂತ್ರು ಸ್ವಾಮಿ. ಸನ್ಮಾನ ಅಂತ ಹೇಳಿ ಕರ್ಸಿದಾರೆ. ಇಲ್ದಿದ್ರೆ ಇವ್ರು ಬರ್ತಿದ್ರಾ? ಇಲ್ಲಿ ಕೂರ್ಸಿ ಬುದ್ಧಿ ಹೇಳಿ ಕಾಗ್ದ ಕೊಡ್ತಾರೆ."

ಮಾನ್ಯರೇ, ತಮ್ಮ ಬುದ್ಧಿವಂತಿಕೆಯ ಬಗ್ಗೆ ಜಿಲ್ಲೆಯಲ್ಲಿ ಇಷ್ಟು ನಂಬಿಕೆ ಇಟ್ಟಿದ್ದವರು ಇನ್ನೊಬ್ಬರಿರಲಾರರು.

ವೇದಿಕೆಯಲ್ಲಿ ತಾವು ಆಡಿದ ಮಾತುಗಳೆಲ್ಲ ನನಗೆ ನೆನಪಿವೆ. ಇಂದಿನ ಯುವಜನರು ಇಂಥವರನ್ನು ನೋಡಿ ಕಲಿಯಬೇಕೆಂದಿರಿ. ಬ್ಯಾಂಡೇಜು ಕಂಡು "ಏನಾಯ್ತಮ್ಮ?" ಎಂದು ಕೇಳಿದಿರಿ. ಅವರು ಬಾಯಿ ತೆರೆಯುವ ಮುಂಚೆ ಗಂಡನೇ, ಬಾತ್‌ರೂಮಲ್ಲಿ ಜಾರಿದ್ರು ಎಂದರು. ಈ ವಯಸ್ಸಲ್ಲಿ ಹುಷಾರಾಗಿರ್ಬೇಕಮ್ಮ ಎಂದು ಹೆಂಡತಿಗೇ ಬುದ್ಧಿ ಹೇಳಿದಿರಿ. ಫೋಟೋದವರು ಬಂದು, ಬಿಳಿ ಬ್ಯಾಂಡೇಜು ಎದ್ದು ಕಾಣುತ್ತದೆಂದು ಶಾಲನ್ನು ಅದರ ಮೇಲೆ ಎಳೆದರು. ಸುಖಸಂಸಾರದ ಗುಟ್ಟೇನೆಂದು ತಾವು ಕೇಳಿದ್ದಕ್ಕೆ ಚನ್ನವೀರಯ್ಯನವರು ಮೈಕು ಹಿಡಿದು "ಹೊಂದಾಣಿಕೆ" ಎಂದರು. ಚಪ್ಪಾಳೆ ಬಿತ್ತು. ಮೈಕು ಹೆಂಡತಿಯ ಕಡೆಗೆ ಹೋಗಲಿಲ್ಲ. ಸನ್ಮಾನ ಸ್ವೀಕರಿಸಿದ ಪುಸ್ತಕಕ್ಕೆ ಅವರ ಪರವಾಗಿ ಗಂಡನೇ ಸಹಿ ಮಾಡಿದರು, ಮುರಿದದ್ದು ಬಲಗೈ ತಾನೇ. ಕೊನೆಯಲ್ಲಿ ಇಲಾಖೆಯ ನೆನಪಿನ ಕಾಣಿಕೆಯೆಂದು ಇಬ್ಬರಿಗೂ ಒಂದೊಂದು ಹೊಸ ಊರುಗೋಲು ಕೊಟ್ಟಿರಿ. ಅವರ ಮನೆಯಲ್ಲಿ ಈಗ ಮೂರು ಊರುಗೋಲುಗಳಿವೆ.

ಸಭೆ ಮುಗಿದು ಜನ ಊಟಕ್ಕೆ ಎದ್ದಾಗ ಬಸವಲಿಂಗಮ್ಮನವರು ಚಿನ್ನದ ಅಂಚಿನ ಪ್ರಶಸ್ತಿಪತ್ರವನ್ನು ಎಡಗೈಯಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಅವರಿಗೆ ಕನ್ನಡಕ ತರಲು ಮರೆತಿತ್ತು.

"ಚಿಲಕದ್ದು ಇದ್ರಲ್ಲಿ ಐತಾ ಸ್ವಾಮಿ?"

ನಾನು ಇಲ್ಲವೆಂದೆ. ಅವರು ಪತ್ರವನ್ನು ಮತ್ತೊಮ್ಮೆ ನೋಡಿ, ಶಾಲಿನ ಮೇಲೆ ಬಿದ್ದಿದ್ದ ಹೂವಿನ ಎಸಳುಗಳನ್ನು ಒದರಿಕೊಂಡು, ಗಂಡನ ಹಿಂದೆ ಊಟಕ್ಕೆ ಹೋದರು. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಎಂದೂ ಆಗಿರಲಿಲ್ಲ. ಅಂದು ಊಟ ಮಾಡದೆ ಗುಬ್ಬಿಗೆ ಹೋದೆ.

ಇಲ್ಲಿಗೆ ಮುಗಿದಿದ್ದರೆ ಇದನ್ನು ಒಂದು ತಮಾಷೆಯೆಂದು ಮರೆಯಬಹುದಿತ್ತು. ನಾಲ್ಕು ದಿನ ಬಿಟ್ಟು ಚನ್ನವೀರಯ್ಯನವರೇ ನನ್ನ ಮೇಜಿಗೆ ಬಂದರು. ನನ್ನ ಕೈ ಕುಲುಕಿದರು. "ಎಂಥಾ ಅರ್ಜಿ ಬರ್ದಿದೀರಿ ಮಹರಾಯ್ರೇ. ಅದ್ರ ಕಾಪಿ ಒಂದು ಕೊಡಿ. ಪ್ರಶಸ್ತಿ ಪಕ್ಕಕ್ಕೇ ಕಟ್ಟಾಕಿಸ್ಬೇಕು."

ಕಂಪ್ಯೂಟರು ಕೆಟ್ಟು ಹಳೆಯದೆಲ್ಲ ಅಳಿಸಿಹೋಗಿದೆ ಎಂದು ಸುಳ್ಳು ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಬುಡಿ, ಒಳಗ್ ಕೇಳ್ತೀನಿ," ಎಂದು ತಮ್ಮ ಕಚೇರಿಯೊಳಕ್ಕೆ ನಡೆದರು. ನಾನು ಹಿಂದೆಯೇ ಓಡಿದೆ. ಈ ಮೊಣಕಾಲಿನಲ್ಲಿ ಎಷ್ಟು ಓಡಬಹುದೋ ಅಷ್ಟು. ಒಂದೊಂದು ಕಾಗದಕ್ಕೆ ಮೂರು ತಿಂಗಳು ಅಲೆಸುವ ತಮ್ಮ ಕಚೇರಿ ಅಂದು ಸನ್ಮಾನಿತರೆಂಬ ಗೌರವಕ್ಕೆ ಹತ್ತೇ ನಿಮಿಷದಲ್ಲಿ ಪ್ರತಿ ಕೊಟ್ಟಿತ್ತು. ಎರಡೂ ಪುಟ, ಕೆಳಗೆ 'ನಿಜಪ್ರತಿ' ಎಂಬ ಮೊಹರು. ನಾನು ಬಾಗಿಲು ಮುಟ್ಟುವ ಹೊತ್ತಿಗೆ ಅವರು ಬೆಂಚಿನ ಮೇಲೆ ಕೂತು ಪುಟ ತಿರುಗಿಸುತ್ತಿದ್ದರು.

ಜೂನಿನಿಂದ ತಮ್ಮ ಕಚೇರಿಯಲ್ಲಿದ್ದ ಆ ಅರ್ಜಿಯ ಎರಡನೇ ಪುಟವನ್ನು ಮೊದಲು ಓದಿದವರು ಬಸವಲಿಂಗಮ್ಮನವರ ಗಂಡ.

ಮುಂದಿನದನ್ನು ನನಗೆ ಹೇಳಿದ್ದು ಸೊಸೆ ಮಾಲಿನಿ. ಅವರು ಖಾಸಗಿ ಶಾಲೆಯೊಂದರ ಆಫೀಸಿನಲ್ಲಿ ಕೆಲಸ ಮಾಡುವವರು. ಕಚೇರಿಯ ಬೆಂಚಿನಲ್ಲಿ ಕಾಗದ ಓದಿದವರ ಮುಖ ನೋಡಿ, ಬಸವಲಿಂಗಮ್ಮನವರನ್ನು ಎಚ್ಚರಿಸಲೆಂದು ಅರ್ಜಿಯಲ್ಲಿದ್ದ ನಂಬರಿಗೆ ನಾನು ಎರಡು ಸಲ ಫೋನ್ ಮಾಡಿದೆ. ಅದು ಚನ್ನವೀರಯ್ಯನವರ ಜೇಬಿನಲ್ಲೇ ರಿಂಗಾಯಿತು. ಅವರು ಮನೆಗೆ ಹೋಗಿ ಮಗನನ್ನು ಕರೆದು, ಎಲ್ಲರ ಮುಂದೆ ಎರಡನೇ ಪುಟವನ್ನು ಗಟ್ಟಿಯಾಗಿ ಓದಿಸಿದರಂತೆ. ಸಂಗಮೇಶ್ ಪೂರ್ತಿ ಓದಿದ. ಅವನು ಇನ್ನೂ ಕಾಗದ ಹಿಡಿದುಕೊಂಡು ನಿಂತಿರುವಾಗಲೇ ಏಟು ಶುರುವಾಯಿತು. ಬ್ಯಾಂಡೇಜು ಕಟ್ಟಿದ್ದ ಕೈಯ ಮೇಲೂ ಬಿತ್ತು. ಶಾಲೆಯಿಂದ ಆಗ ತಾನೇ ಬಂದ ಮಾಲಿನಿ ನಡುವೆ ನುಗ್ಗಿ, ತಾನೂ ಎರಡು ತಿಂದು, ಅತ್ತೆಯನ್ನು ಆಟೋ ಹತ್ತಿಸಿಕೊಂಡು ಕ್ಯಾತ್ಸಂದ್ರದ ತನ್ನ ತಾಯಿಯ ಮನೆಗೆ ಕರೆದೊಯ್ದರು. ಬಸವಲಿಂಗಮ್ಮನವರು ಈಗಲೂ ಅಲ್ಲೇ ಇದ್ದಾರೆ, ಬೀಗರ ಮನೆಯಲ್ಲಿ. ಸೊಸೆಯ ತವರಿನಲ್ಲಿ ಅತ್ತೆ ಕೂತು ಉಣ್ಣುವುದು ಎಂಥ ಸಂಕೋಚ ಎಂಬುದನ್ನು ನಾನು ತಮಗೆ ವಿವರಿಸಬೇಕಿಲ್ಲ.

"ಅಂಕಲ್, ನೀವು ಮೊದ್ಲೇ ಹೊಡೀತಾರೆ ಅಂತ ಬರೀಬಾರ್ದಿತ್ತಾ?" ಎಂದು ಮಾಲಿನಿ ಕೇಳಿದರು. ಏಟನ್ನು ಎರಡನೇ ಪುಟಕ್ಕೆ ತಳ್ಳಿದ್ದು ಪದ್ಧತಿಯೊಂದೇ ಅಲ್ಲ. ವಯಸ್ಸಾದ ಗಂಡಸಿನ ಮರ್ಯಾದೆ ಕಾಪಾಡಬೇಕೆಂದು, ನನಗೇ ಗೊತ್ತಿಲ್ಲದೆ, ನನ್ನ ಕೈ ಅದನ್ನು ಅಲ್ಲಿಗೆ ತಳ್ಳಿತು. ಅವರ ಮಗ ಟಿವಿ ಸದ್ದು ಏರಿಸಿದ, ನಾನು ಒಂದು ಪುಟ ಪೀಠಿಕೆ ಬರೆದೆ. ಎರಡರಲ್ಲಿ ಹೆಚ್ಚಿನ ವ್ಯತ್ಯಾಸ ಕಾಣುತ್ತಿಲ್ಲ.

ಠಾಣೆಗೂ ಹೋದೆವು. ಚನ್ನವೀರಯ್ಯನವರು ಅಷ್ಟರಲ್ಲಿ ಪ್ರಶಸ್ತಿಪತ್ರಕ್ಕೆ ಕಟ್ಟು ಹಾಕಿಸಿ ಅಲ್ಲಿಗೆ ತಂದು ತೋರಿಸಿ ಹೋಗಿದ್ದರು. ಅಲ್ಲಿದ್ದವರು ಬಹಳ ಮರ್ಯಾದೆಯಿಂದ, "ಅಮ್ಮಾ, ನಿಮ್ಮನ್ನ ಪೇಪರಲ್ಲಿ ನೋಡಿದೀನಿ. ಇಷ್ಟು ದೊಡ್ಡ ಸನ್ಮಾನ ಆಗಿದೆ. ಈಗ ಕಂಪ್ಲೇಂಟ್ ಅಂದ್ರೆ ಸನ್ಮಾನ ಮಾಡಿದ ಸಾಹೇಬ್ರಿಗೂ ಮುಜುಗರ ಅಲ್ವಾ?" ಎಂದರು. ತಮ್ಮ ಕಚೇರಿಗೆ ಬಂದರೆ, ಅರ್ಜಿ ವಿಲೇವಾರಿಯಾಗಿದೆ ಎಂಬ ಹಿಂಬರಹ ಕೊಟ್ಟರು. 'ಅರ್ಜಿದಾರರು ಪತಿಯೊಂದಿಗೆ ಅನ್ಯೋನ್ಯವಾಗಿರುವುದು ಕಂಡುಬಂದಿರುವುದರಿಂದ ಮುಕ್ತಾಯಗೊಳಿಸಿದೆ.' ಸಾಕ್ಷಿಯಾಗಿ ಲಗತ್ತಿಸಿದ್ದು ವೇದಿಕೆಯ ಫೋಟೋ. ಶಾಲಿನ ಕೆಳಗಿರುವುದು ಫೋಟೋದಲ್ಲಿ ಕಾಣುವುದಿಲ್ಲವಾದ್ದರಿಂದ ತಮ್ಮ ಹಿಂಬರಹದಲ್ಲಿ ಸುಳ್ಳೇನೂ ಇಲ್ಲ.

ಪ್ರತಿವರ್ಷ ತಾವು ಮಾಡುವ ಭಾಷಣದಲ್ಲಿ, ಹಿರಿಯರನ್ನು ಒಂಟಿಯಾಗಿ ಬಿಡಬೇಡಿ, ಮನೆಯವರ ನಡುವೆ ಇರಿಸಿಕೊಳ್ಳಿ ಎನ್ನುತ್ತೀರಿ. ಒಳ್ಳೆಯ ಮಾತು. ಆದರೆ ಮನೆಯವರ ನಡುವೆಯೇ ಏಟು ತಿನ್ನುವವರು ಎಲ್ಲಿಗೆ ಹೋಗಬೇಕು? ಬಸವಲಿಂಗಮ್ಮನವರನ್ನು ಯಾರೂ ಒಂಟಿಯಾಗಿ ಬಿಟ್ಟಿರಲಿಲ್ಲ, ಅವರ ಕಷ್ಟವೇ ಅದಾಗಿತ್ತು. ಜೂನಿನಿಂದ ಈವರೆಗೆ ತಮ್ಮ ಸಿಬ್ಬಂದಿಯಲ್ಲಿ ಒಬ್ಬರಾದರೂ ಅವರನ್ನು ಗಂಡನಿಲ್ಲದ ಕಡೆ ಐದು ನಿಮಿಷ ಕೂರಿಸಿ, ಏನಮ್ಮ ನಿನ್ನ ಕಷ್ಟ ಎಂದು ಕೇಳಿದ್ದರೆ ಈ ಪತ್ರ ಬೇಕಾಗುತ್ತಿರಲಿಲ್ಲ. ಕೇಳಲು ಬಜೆಟ್ ಬೇಕಿಲ್ಲ, ಸಭಾಂಗಣ ಬೇಕಿಲ್ಲ. ಇನ್ನೊಂದು ಕುರ್ಚಿ ಬೇಕು, ಅಷ್ಟೇ. ಬೇಕಾದರೆ ನನ್ನದನ್ನೇ ಕೊಡುತ್ತೇನೆ.

ಹೀಗಾಗಿ ಈಗ ಕೇಳುವುದನ್ನು ಮರ್ಯಾದೆಯ ಪೀಠಿಕೆ ಇಲ್ಲದೆ ಕೇಳುತ್ತೇನೆ. ಮುಚ್ಚಿದ ಕಡತವನ್ನು ತೆರೆಯಿರಿ. ಅವರ ಹೇಳಿಕೆಯನ್ನು ಕ್ಯಾತ್ಸಂದ್ರಕ್ಕೇ ಹೋಗಿ, ಅವರೊಬ್ಬರಿಂದಲೇ, ಮಹಿಳಾ ಸಿಬ್ಬಂದಿಯ ಮೂಲಕ ಬರೆದುಕೊಳ್ಳಿ. ಕೌಟುಂಬಿಕ ಹಿಂಸೆಯ ವರದಿ ಮಾಡಿ ಮ್ಯಾಜಿಸ್ಟ್ರೇಟರಿಗೆ ಕಳಿಸಿ, ರಕ್ಷಣೆಯ ಆದೇಶ ಕೊಡಿಸಿ. ಅವರು ತಮ್ಮ ಮನೆಗೆ, ತಮ್ಮ ರೂಮಿಗೆ ಹೋಗಬೇಕೆನ್ನುತ್ತಾರೆ. ಹೊರಗೆ ಹೋಗಬೇಕಾದವರು ಯಾರೆಂಬುದನ್ನು ಕಾನೂನು ನೋಡಲಿ. ಆ 'ಆದರ್ಶ ದಂಪತಿ' ಪ್ರಶಸ್ತಿಯನ್ನು, ಕೊಟ್ಟಷ್ಟೇ ಬಹಿರಂಗವಾಗಿ, ವಾಪಸು ಪಡೆಯಿರಿ. ಫೋನು ಯಾರ ಜೇಬಿನಲ್ಲಿದೆ ಎಂದು ತಿಳಿಯದೆ ಯಾವ ಮನೆಗೂ ಇನ್ನು ಮುಂದೆ ಫೋನ್ ಮಾಡಬೇಡಿ. ಶಾಲಿಗೆ ಸಿಕ್ಕ ದುಡ್ಡಿನಲ್ಲಿ ಚಿಲಕವನ್ನೂ ಕೊಳ್ಳಬಹುದು, ಮರಳೂರಿನ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ.

ಈ ಪತ್ರವನ್ನು ನಿನ್ನೆ ಕ್ಯಾತ್ಸಂದ್ರಕ್ಕೆ ಹೋಗಿ ಬಸವಲಿಂಗಮ್ಮನವರಿಗೆ ಓದಿ ಹೇಳಿದೆ. ಮೊದಲ ಸಾಲು ಕೇಳಿ, ಇನ್ನೊಂದ್ಸಲ ಓದಿ ಎಂದರು. ಓದಿದೆ. ಬ್ಯಾಂಡೇಜು ಬಿಚ್ಚಿ ಒಂದು ವಾರವಾಗಿದೆ, ಬೆರಳುಗಳು ಇನ್ನೂ ಸರಿಯಾಗಿ ಮಡಚುವುದಿಲ್ಲ. ಮಾಲಿನಿ ಹೆಬ್ಬೆಟ್ಟಿಗೆಂದು ಇಂಕಿನ ಪ್ಯಾಡು ತಂದರು. ಅವರು ಬೇಡವೆಂದು ಪೆನ್ನು ಇಸಿದುಕೊಂಡರು.

"ಆವತ್ತು ಅವ್ರು ಹಾಕುದ್ರು ನನ್ ಸಹಿ. ಇವತ್ತು ನಾನೇ ಹಾಕ್ತೀನಿ. ನಂದು ಮೇಲೆ ಇರ್ಲಿ ಸ್ವಾಮಿ, ನಿಮ್ದು ಕೆಳಗೆ."

ಬರೆಯಲು ಐದು ನಿಮಿಷ ಹಿಡಿಯಿತು. ನಾವು ಕಾದೆವು.

ಇಂತಿ,

ಬಸವಲಿಂಗಮ್ಮ

ಬರೆದವನು:
ಚಿಕ್ಕರಂಗಯ್ಯ, ಗುಬ್ಬಿ
ತಮ್ಮ ಗೇಟಿನ ಅರ್ಜಿ ಬರಹಗಾರ,
ಮೊದಲ ಪುಟ ಬರೆಯುವುದನ್ನು ಬಿಟ್ಟವನು